ಆಮೇಲೆ ಬಂದ ಬಟನ್‌ಗೆ ಕ್ಲಿಕ್ ಯಾಕೆ ಕೇಳಿಸುವುದಿಲ್ಲ?

ಬ್ಯಾಡಗಿಯ ದಲಾಲಿ ಅಂಗಡಿಯೊಂದಕ್ಕೆ ಮೆಣಸಿನಕಾಯಿ ಲಾಟ್‌ಗಳ ಪಟ್ಟಿ ತೋರಿಸುವ ಪುಟ ಮಾಡಿದ್ದೀರಿ ಎಂದುಕೊಳ್ಳಿ. ತೆರೆದಾಗ ಐದು ಸಾಲು: ಎರಡು ಡಬ್ಬಿ ತಳಿಯವು, ಮೂರು ಕಡ್ಡಿ ತಳಿಯವು. ಪ್ರತಿ ಸಾಲಿನ ತುದಿಗೆ ‘ಅಳಿಸು’ ಬಟನ್. ಐದೂ ಕೆಲಸ ಮಾಡುತ್ತವೆ. ‘ಲಾಟ್ ಸೇರಿಸು’ ಒತ್ತಿ ಆರನೆಯ ಸಾಲು ತಂದರೆ ಅದರ ‘ಅಳಿಸು’ ಮಾತ್ರ ಮಿಸುಕುವುದಿಲ್ಲ. ಕನ್ಸೋಲ್ ನೋಡಿದರೆ ಒಂದೂ ಎರರ್ ಇಲ್ಲ.

ಹ್ಯಾಂಡ್ಲರ್, ಅಂದರೆ ಕ್ಲಿಕ್ ಆದಾಗ ಓಡುವ ಫಂಕ್ಷನ್, ಅಂಟಿಕೊಳ್ಳುವುದು ಕ್ಲಾಸ್ ಹೆಸರಿಗಲ್ಲ, ಕೋಡ್ ಓಡಿದ ಹೊತ್ತಿಗೆ ಪುಟದಲ್ಲಿದ್ದ ಎಲಿಮೆಂಟ್‌ಗೆ. ಆಗ ಇದ್ದದ್ದು ಐದು, ಕಟ್ಟಿದ್ದು ಐದಕ್ಕೆ. ಹೊಸ ಸಾಲನ್ನು ಟೇಬಲ್‌ನ ಇನ್ನರ್‌ಎಚ್‌ಟಿಎಂಎಲ್‌ಗೆ (ಅದರೊಳಗಿನ ಎಚ್‌ಟಿಎಂಎಲ್ ಪಠ್ಯಕ್ಕೆ) ‘ಪ್ಲಸ್ ಈಕ್ವಲ್’ ಹಾಕಿ ಸೇರಿಸಿದರಂತೂ ಇನ್ನೂ ಫಜೀತಿ: ಬ್ರೌಸರ್ ಒಳಗಿದ್ದುದನ್ನೆಲ್ಲ ಕಿತ್ತು ಹೊಸದಾಗಿ ಕಟ್ಟುತ್ತದೆ, ಹಳೆಯ ಐದು ಬಟನ್‌ಗಳೂ ಕಿವುಡಾಗುತ್ತವೆ.

ಮೊದಲು ಎಲ್ಲರಿಗೂ ಹೊಳೆಯುವ ಉಪಾಯ, ಸಾಲು ಸೇರಿಸಿದಾಗಲೆಲ್ಲ ಎಲ್ಲ ಬಟನ್‌ಗಳಿಗೂ ಮತ್ತೆ ಹ್ಯಾಂಡ್ಲರ್ ಕಟ್ಟುವುದು. ಪ್ರತಿ ಸಲ ಹೊಸ ಅನಾಮಿಕ ಫಂಕ್ಷನ್ ಕೊಟ್ಟರೆ, ಮೂರು ಲಾಟ್ ಸೇರಿಸುವಷ್ಟರಲ್ಲಿ ಮೊದಲ ಸಾಲಿಗೆ ನಾಲ್ಕು ಹ್ಯಾಂಡ್ಲರ್ ಬಿದ್ದಿರುತ್ತವೆ. ಒಂದು ಕ್ಲಿಕ್ಕಿಗೆ ‘ಅಳಿಸಲೇ?’ ಎಂದು ನಾಲ್ಕು ಸಲ ಕೇಳುತ್ತದೆ.

ಸರಿಯಾದ ದಾರಿ ಬ್ರೌಸರ್‌ನಲ್ಲಿ ಹಿಂದಿನಿಂದಲೂ ಇತ್ತು. 90ರ ದಶಕದ ಕೊನೆಗೆ ನೆಟ್‌ಸ್ಕೇಪ್ ಬ್ರೌಸರ್ ಇವೆಂಟನ್ನು (ಕ್ಲಿಕ್‌ನಂಥ ಘಟನೆಯನ್ನು) ಮೇಲಿನಿಂದ ಕೆಳಗೆ, ಅಂದರೆ ಇಡೀ ಡಾಕ್ಯುಮೆಂಟ್‌ನಿಂದ ಒತ್ತಿದ ಎಲಿಮೆಂಟ್‌ಗೆ, ಇಳಿಸುತ್ತಿತ್ತು, ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೆಳಗಿನಿಂದ ಮೇಲೆ ಏರಿಸುತ್ತಿತ್ತು. ಬ್ರೌಸರ್‌ಗಳಿಗೆಲ್ಲ ಒಂದೇ ಮಾನಕವಾದ 2000ದ ಡಾಮ್ ಲೆವೆಲ್ 2 ಇವೆಂಟ್ಸ್ ನಿಯಮಾವಳಿ ಎರಡನ್ನೂ ಒಪ್ಪಿಕೊಂಡಿತು: ಮೊದಲು ಇಳಿ, ಆಮೇಲೆ ಏರು. ಹೀಗಾಗಿ ಬಟನ್ ಮೇಲಿನ ಕ್ಲಿಕ್ ಟಿಡಿ (ಕೋಶ), ಟಿಆರ್ (ಸಾಲು), ಟಿಬಾಡಿ (ಸಾಲುಗಳ ಗುಂಪು), ಟೇಬಲ್ ದಾಟಿ ಡಾಕ್ಯುಮೆಂಟ್‌ವರೆಗೂ ಏರುತ್ತದೆ. ಟಿಬಾಡಿ ಮೊದಲಿನಿಂದಲೂ ಪುಟದಲ್ಲೇ ಇದೆ. ಅದರ ಮೇಲೆ ಒಂದೇ ಹ್ಯಾಂಡ್ಲರ್ ಇಟ್ಟರೆ ನಾಳೆ ಬರುವ ಸಾಲಿನ ಕ್ಲಿಕ್ಕೂ ಅಲ್ಲಿಗೆ ಬಂದೇ ಬರುತ್ತದೆ.

ಎಲ್ಲಿ ಕೂತು ಕೇಳಬೇಕು ಎಂಬುದರ ಮೇಲೆಯೇ ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಮೂರು ಸಲ ಮನಸ್ಸು ಬದಲಿಸಿತು. 2006ರಲ್ಲಿ ಬಂದಾಗ ‘ಬೈಂಡ್’ ನೇರ ಎಲಿಮೆಂಟ್‌ಗೇ ಕಟ್ಟುತ್ತಿತ್ತು. 2009ರ 1.3 ಆವೃತ್ತಿಯ ‘ಲೈವ್’ ಎಲ್ಲವನ್ನೂ ಡಾಕ್ಯುಮೆಂಟ್ ಮೇಲೆ ಕೂರಿಸಿತು. ಬಳಸಲು ಬಹಳ ಸಲೀಸು, ಅದಕ್ಕೇ ಎಲ್ಲರೂ ಮುಗಿಬಿದ್ದರು. ಆದರೆ ನಡುವೆ ಯಾವುದೋ ಪ್ಲಗಿನ್, ಇವೆಂಟ್ ಮುಂದೆ ಹೋಗದಂತೆ ತಡೆಯುವ ‘ಸ್ಟಾಪ್‌ಪ್ರೊಪಗೇಶನ್’ ಕರೆದರೆ ಕ್ಲಿಕ್ ಅಲ್ಲೇ ನಿಲ್ಲುತ್ತಿತ್ತು. ಐಫೋನ್‌ನಲ್ಲಿ ಬರೀ ಡಿವ್ ಮೇಲೆ ಒತ್ತಿದ ಕ್ಲಿಕ್ ಡಾಕ್ಯುಮೆಂಟ್ ತಲುಪುತ್ತಲೇ ಇರಲಿಲ್ಲ. ಸಿಎಸ್‌ಎಸ್‌ನಲ್ಲಿ ‘ಕರ್ಸರ್: ಪಾಯಿಂಟರ್’ ಹಾಕಿ ಪಾರಾಗುತ್ತಿದ್ದರು. 2010ರ ‘ಡೆಲಿಗೇಟ್’ ಹತ್ತಿರದ ಪೋಷಕವನ್ನು ನೀವೇ ಆರಿಸಿ ಎಂದಿತು. 2011ರ 1.7ರಲ್ಲಿ ಮೂರನ್ನೂ ನುಂಗಿ ‘ಆನ್’ ಬಂತು, 2013ರ 1.9ರಲ್ಲಿ ‘ಲೈವ್’ ಹೋಯಿತು. ಹಳೆಯ ಕೋಡ್‌ನಲ್ಲಿ ‘ಲೈವ್’ ಅಳಿಸಿ ‘ಆನ್’ ಬರೆದವರಿಗೆ ಮಾತ್ರ ಹಳೇ ರೋಗವೇ ಮರುಕಳಿಸಿತು. ಇವೆಂಟ್, ಫಂಕ್ಷನ್ ಎರಡೇ ಕೊಟ್ಟರೆ ‘ಆನ್’ ಎಂದರೆ ಬೈಂಡ್ ಅಷ್ಟೇ. ಟಿಬಾಡಿಯನ್ನು ಹಿಡಿದು, ಇವೆಂಟ್ ಮತ್ತು ಫಂಕ್ಷನ್ ನಡುವೆ ಬಟನ್‌ನ ಸೆಲೆಕ್ಟರ್ (ಅದನ್ನು ಗುರುತಿಸುವ ಸಿಎಸ್‌ಎಸ್ ಗುರುತು) ಕೊಟ್ಟಾಗಲೇ ಅದು ಡೆಲಿಗೇಟ್.

ಈಗ ಜೆಕ್ವೆರಿ ಬೇಕಿಲ್ಲ. ಟಿಬಾಡಿಗೆ ‘ಆಡ್‌ಇವೆಂಟ್‌ಲಿಸನರ್’ ಹಾಕಿ, ಒಳಗೆ ಇವೆಂಟ್‌ನ ಟಾರ್ಗೆಟ್ (ನಿಜವಾಗಿ ಒತ್ತಿದ ಎಲಿಮೆಂಟ್) ನೋಡಿದರಾಯಿತು. ಇಲ್ಲಿ ಜಾರುವುದು ಐಕಾನ್ ಮೇಲೆ: ಬಟನ್ ಒಳಗೆ ಕಸದಬುಟ್ಟಿಯ ಎಸ್‌ವಿಜಿ ಇದ್ದರೆ ಟಾರ್ಗೆಟ್ ಆಗುವುದು ಆ ಚಿತ್ರ, ಬಟನ್ ಅಲ್ಲ. ಹಾಗಾಗಿ ಅಕ್ಷರದ ಮೇಲೆ ಒತ್ತಿದರೆ ಅಳಿಯುತ್ತದೆ, ಚಿತ್ರದ ಮೇಲೆ ಒತ್ತಿದರೆ ಇಲ್ಲ. ಟಾರ್ಗೆಟ್ ಮೇಲೆ, ತನ್ನಿಂದ ಶುರುಮಾಡಿ ಪೋಷಕಗಳಲ್ಲಿ ಮೇಲೆ ಹುಡುಕುವ ‘ಕ್ಲೋಸೆಸ್ಟ್’ ಕರೆದು ಬಟನ್ ಹುಡುಕಿ. ನಲ್ ಬಂದರೆ ಸುಮ್ಮನೆ ಹಿಂತಿರುಗಿ. ಯಾವ ಲಾಟ್ ಎಂಬುದನ್ನು ಸಾಲಿನ ಡೇಟಾ ಆಟ್ರಿಬ್ಯೂಟ್‌ನಲ್ಲಿ ಇಡಿ.

ದರ ತುಂಬುವ ಇನ್‌ಪುಟ್‌ ಬಿಟ್ಟು ಹೊರಬಂದಾಗಿನ ‘ಬ್ಲರ್’ ಇವೆಂಟ್ ಟಿಬಾಡಿಗೆ ಹೀಗೆ ಕೇಳಿಸುವುದಿಲ್ಲ, ಅದು ಮೇಲೇರುವುದೇ ಇಲ್ಲ. ‘ಫೋಕಸ್‌ಔಟ್’ ಏರುತ್ತದೆ. ‘ಮೌಸ್‌ಎಂಟರ್’ ಕೂಡ ಏರುವುದಿಲ್ಲ, ಅದರ ಬದಲು ‘ಮೌಸ್‌ಓವರ್’ ಬಳಸಿ.

ಪುಟ ಕಟ್ಟುವ ಲೈಬ್ರರಿ ರಿಯಾಕ್ಟ್ ಕೂಡ ಬಹುಕಾಲ ಡಾಕ್ಯುಮೆಂಟ್ ಮೇಲೇ ಕೂತಿತ್ತು. 2020ರ 17ನೇ ಆವೃತ್ತಿಯಲ್ಲಿ ತನ್ನ ರೂಟ್ ಕಂಟೇನರ್‌ಗೆ (ರಿಯಾಕ್ಟ್ ಕೂರುವ ಹೊರಗಿನ ಎಲಿಮೆಂಟ್‌ಗೆ) ಇಳಿಯಿತು. ಅಂದಿನಿಂದ ರಿಯಾಕ್ಟ್ ಒಳಗಿನ ಸ್ಟಾಪ್‌ಪ್ರೊಪಗೇಶನ್ ಕ್ಲಿಕ್ಕನ್ನು ರೂಟ್‌ನಲ್ಲೇ ತಡೆಯುತ್ತದೆ, ಡಾಕ್ಯುಮೆಂಟ್ ಮೇಲೆ ನೀವು ಕೈಯಾರೆ ಇಟ್ಟ ಲಿಸನರ್‌ಗೆ ಅದು ತಲುಪುವುದಿಲ್ಲ. ಅದಕ್ಕೂ ಕೇಳಿಸಬೇಕೆಂದರೆ ಲಿಸನರ್‌ನ ಮೂರನೆಯ ಆರ್ಗ್ಯುಮೆಂಟಿನಲ್ಲಿ ‘ಕ್ಯಾಪ್ಚರ್’ ಟ್ರೂ ಕೊಡಬೇಕು. ಆಗ ಕ್ಲಿಕ್ ಸಿಗುವುದು ಏರುವಾಗ ಅಲ್ಲ, ಇಳಿಯುವಾಗ, ನೆಟ್‌ಸ್ಕೇಪ್ ಇಳಿಸುತ್ತಿದ್ದ ಅದೇ ದಾರಿಯಲ್ಲಿ.