ಲಿಯರ್ ಕೆಟ್ಟದ್ದು ಪ್ರಶ್ನೆ ಕೇಳುವಾಗಲೇ

ನಾಯಕತ್ವದ ತರಬೇತಿಯಲ್ಲಿ ನಾಟಕ, ಕಾದಂಬರಿ ಓದಲು ಕೊಟ್ಟರೆ ಹೆಚ್ಚಿನವರು ನೀತಿಪಾಠ ಬರೆದುಕೊಂಡು ಬರುತ್ತಾರೆ. ಶೇಕ್ಸ್‌ಪಿಯರ್‌ನ ನಾಟಕ 'ಕಿಂಗ್ ಲಿಯರ್' ಎಂದರೆ "ಹೊಗಳುಭಟ್ಟರನ್ನು ನಂಬಬಾರದು", ಮುಗಿಯಿತು. ಇಷ್ಟು ಹೇಳಲು ಐದು ಅಂಕ ಬೇಕಿತ್ತೇ?

ದಯವಿಟ್ಟು ಮೊದಲ ದೃಶ್ಯವನ್ನು ಇನ್ನೊಮ್ಮೆ ಓದಿ. ಮುದಿ ದೊರೆ ಲಿಯರ್ ಮೂವರು ಹೆಣ್ಣುಮಕ್ಕಳಿಗೆ ರಾಜ್ಯ ಹಂಚಲಿದ್ದಾನೆ. ಇಬ್ಬರು ಅಳಿಯಂದಿರ ಪಾಲು ಸಮನಾಗಿದೆಯೆಂದು ಆಸ್ಥಾನಿಕರಾದ ಕೆಂಟ್, ಗ್ಲಾಸ್ಟರ್ ಇಬ್ಬರೂ ದೊರೆ ಬರುವ ಮೊದಲೇ ಮಾತಾಡಿಕೊಳ್ಳುತ್ತಾರೆ. ದೊರೆ ಬಂದವನೇ ನಕ್ಷೆ ತರಿಸಿ, ರಾಜ್ಯವನ್ನು ಮೂರು ಭಾಗ ಮಾಡಿಯಾಗಿದೆ ಎನ್ನುತ್ತಾನೆ. ಯಾರಿಗೆ ನನ್ನ ಮೇಲೆ ಪ್ರೀತಿ ಹೆಚ್ಚು ಎಂದು ಕೇಳುವುದು ಅದಾದ ಮೇಲೆ. ಹಿರಿಯ ಮಗಳು ಗಾನೆರಿಲ್ ಮಾತು ಮುಗಿಸುತ್ತಲೇ ಅವಳ ಪಾಲು ಅವಳ ಕೈಗೆ. ಎರಡನೆಯವಳು ರೀಗನ್ ಇನ್ನೂ ಬಾಯಿ ತೆರೆದಿಲ್ಲ. ಕಿರಿಯಳಾದ ಕಾರ್ಡೀಲಿಯಾಳಿಗೆ ಅಕ್ಕಂದಿರದಕ್ಕಿಂತ ಸಮೃದ್ಧವಾದ ಭಾಗ ಮೊದಲೇ ಮೀಸಲು. ಅಂದರೆ ಉತ್ತರದಿಂದ ತಿಳಿಯಬೇಕಾದದ್ದು ಏನೂ ಉಳಿದಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ತುಂಬಿದ ಸಭೆಯಲ್ಲಿ ಒಂದು ಒಪ್ಪಿಗೆ.

"ಏನೂ ಇಲ್ಲ" ಎಂದ ಕಾರ್ಡೀಲಿಯಾಳಿಗೆ ವರದಕ್ಷಿಣೆ ಹೋಯಿತು. ಅಡ್ಡ ಬಂದ ಕೆಂಟ್‌ಗೆ ಗಡೀಪಾರು. ಸಿದ್ಧವಾಗಲು 1623ರ ಫೋಲಿಯೊ (ಶೇಕ್ಸ್‌ಪಿಯರ್ ನಾಟಕಗಳ ಮೊದಲ ಸಂಗ್ರಹ ಮುದ್ರಣ) ಪಾಠದ ಪ್ರಕಾರ ಐದು ದಿನ. ನಿಜ ನುಡಿದರೆ ಎಷ್ಟು ತೆರಬೇಕೆಂದು ಸಭೆಗೆಲ್ಲ ಗೊತ್ತಾಯಿತು, ಆ ದರ ನಿಗದಿ ಮಾಡಿದವನು ಲಿಯರ್. ಹೊಗಳುಭಟ್ಟರ ಮೇಲೆ ಗೂಬೆ ಕೂರಿಸುವವರು ಇದನ್ನೇ ಪ್ರತಿಸಲ ಬಿಟ್ಟುಬಿಡುತ್ತಾರೆ. ಕಾರ್ಡೀಲಿಯಾ ನಯವಾಗಿ ಹೇಳಬಹುದಿತ್ತು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ, ಅವಳ ಮಾತು ಬಿರುಸೇ. ಆದರೆ ಹಾಡು, ಒಗಟು ಕಟ್ಟಿ ಹೇಳುವ ವಿದೂಷಕನಿಗೂ ಚಾಟಿಯ ಬೆದರಿಕೆ ತಪ್ಪುವುದಿಲ್ಲ. ಮೂರನೆಯ ಅಂಕದ ನಂತರ ಆ ಬಡಪಾಯಿ ಕಾಣಿಸುವುದೂ ಇಲ್ಲ.

ಲೆಕ್ಕವೂ ಲಿಯರ್‌ನದೇ. ರಾಜ್ಯ ಬಿಟ್ಟುಕೊಟ್ಟರೂ ತನಗೆಂದು ಉಳಿಸಿಕೊಂಡ ನೂರು ಸರದಾರರು ಹಿರಿಯ ಹೆಣ್ಣುಮಕ್ಕಳಿಬ್ಬರ ಚೌಕಾಸಿಯಲ್ಲಿ ಐವತ್ತಾಗಿ, ಇಪ್ಪತ್ತೈದಾಗಿ, ಕೊನೆಗೆ "ಒಬ್ಬನಾದರೂ ಏಕೆ ಬೇಕು" ಎಂಬಲ್ಲಿಗೆ ಬರುತ್ತಾರೆ. ನಡುವೆ ಲಿಯರ್ ಗಾನೆರಿಲ್ ಕಡೆ ತಿರುಗಿ, ನಿನ್ನ ಐವತ್ತು ರೀಗನ್‌ಳ ಇಪ್ಪತ್ತೈದರ ಎರಡರಷ್ಟು, ಹಾಗಾಗಿ ನಿನ್ನ ಪ್ರೀತಿಯೂ ಎರಡರಷ್ಟು ಎನ್ನುತ್ತಾನೆ. ಅಷ್ಟಾದರೂ ಅಳೆಯುವ ಚಟ ಬಿಟ್ಟಿಲ್ಲ. ಓದುವಾಗ ಕರುಳು ಚುರ್ ಎನ್ನುತ್ತದೆ.

ಓದುವ ಕ್ರಮ ಕಷ್ಟದ್ದೇನಲ್ಲ. ಮೊದಲ ಓದು ಕಥೆಗೆ. ಎರಡನೆಯ ಓದಿಗೆ ಒಂದೇ ದೃಶ್ಯ ಆರಿಸಿ, ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಯಾರಿಗೆ ಗೊತ್ತಿತ್ತು, ಯಾರ ಎದುರು ಹೇಳಿದರು, ಹೇಳಿದ್ದಕ್ಕೆ ಏನು ಕಳೆದುಕೊಂಡರು. ಹೆಚ್ಚಿನವರು ಎಡವುವುದು ನಡುವಿನ ಕಾಲಂನಲ್ಲಿ. ಅದನ್ನು ಖಾಲಿ ಬಿಟ್ಟರೆ ಉಳಿದೆರಡಕ್ಕೂ ಅರ್ಥವಿಲ್ಲ.

ಆ ನಡುವಿನ ಕಾಲಂಗೆ ಹರ್ಮನ್ ಮೆಲ್ವಿಲ್‌ನ 1851ರ ಕಾದಂಬರಿ 'ಮೊಬಿ ಡಿಕ್' ತೆಗೆದುಕೊಳ್ಳಿ. 36ನೇ ಅಧ್ಯಾಯದಲ್ಲಿ ತಿಮಿಂಗಿಲ ಬೇಟೆಯ ಹಡಗಿನ ಕ್ಯಾಪ್ಟನ್ ಏಹಬ್ ಹದಿನಾರು ಡಾಲರಿನ ಚಿನ್ನದ ನಾಣ್ಯವನ್ನು ಹಡಗಿನ ಕಂಬಕ್ಕೆ ಮೊಳೆ ಹೊಡೆದು, ತನ್ನ ಕಾಲು ಕಿತ್ತ ಬಿಳಿ ತಿಮಿಂಗಿಲ ಕಂಡವನಿಗೆ ಅದು ಎನ್ನುತ್ತಾನೆ. ನಾವು ಬಂದದ್ದು ತಿಮಿಂಗಿಲ ಬೇಟೆಗೆ, ನಿಮ್ಮ ಸೇಡು ತೀರಿಸಲಿಕ್ಕಲ್ಲ ಎನ್ನುವವನು ಹಡಗಿನ ಮೊದಲ ಅಧಿಕಾರಿ ಸ್ಟಾರ್‌ಬಕ್ ಒಬ್ಬನೇ. ಎಲ್ಲರೆದುರು ಆಡಿದ ಆ ಮಾತು ಕೂಗಾಟದಲ್ಲಿ ಮುಳುಗುತ್ತದೆ. 109ನೇ ಅಧ್ಯಾಯದಲ್ಲಿ ಅವನೇ ಕ್ಯಾಬಿನ್ನಿಗೆ ಹೋಗಿ, ಎಣ್ಣೆ ಸೋರುತ್ತಿದೆ, ಪೀಪಾಯಿ ಮೇಲೆತ್ತಬೇಕು ಎನ್ನುತ್ತಾನೆ. ಏಹಬ್ ಬಂದೂಕು ಗುರಿಯಿಡುತ್ತಾನೆ. ಸ್ಟಾರ್‌ಬಕ್ ಹೊರಟ ಮೇಲೆ ತಾನೇ ಡೆಕ್ಕಿಗೆ ಬಂದು ಪೀಪಾಯಿ ಎತ್ತಲು ಆಜ್ಞೆ ಕೊಡುತ್ತಾನೆ. ಏಕೆ? ಪ್ರಾಮಾಣಿಕತೆ ಮಿಂಚಿ ಮರೆಯಾಯಿತೋ, ಸಮಯ ನೋಡಿ ಮಾಡಿದ ಜಾಣತನವೋ, ಲೇಖಕ ಎರಡನ್ನೂ ಇಟ್ಟು ಮುಂದೆ ಹೋಗುತ್ತಾನೆ. ನಿಮ್ಮ ಹಾಳೆಯಲ್ಲೂ ಎರಡನ್ನೂ ಬರೆಯಿರಿ.