ಸ್ಥಳದಲ್ಲಿ ಇಲ್ಲದ ಆರೋಪಿ

ನಾನು ಸರ್ಕಾರಿ ವಕೀಲನಾಗಿದ್ದಾಗ ಶಿರಸಿ ಕಡೆಯ ಒಂದು ಅಡಿಕೆ ಕಳ್ಳತನದ ಕೇಸು ಬಂದಿತ್ತು. ಮಳೆಗಾಲದ ರಾತ್ರಿ ಅಟ್ಟದ ಮೇಲಿದ್ದ ಚಾಲಿ ಅಡಿಕೆ ಚೀಲಗಳು ಹೋಗಿದ್ದವು. ಮೂವರು ಸಿಕ್ಕಿಬಿದ್ದರು. ನಾಲ್ಕನೆಯವನು ಟೆಂಪೊ ಮಾಲೀಕ. ‘ನಾನು ಮನೇಲಿ ಮಲಗಿದ್ದೆ, ಬಾಡಿಗೆಗೆ ಗಾಡಿ ಕೊಟ್ಟೆ ಅಷ್ಟೇ’ ಎಂದ. ಗಾಡಿ ಕೊಡುವುದು ತಪ್ಪಲ್ಲ. ಆದರೆ ಮಾಮೂಲಿಗಿಂತ ಮೂರು ಪಟ್ಟು ಬಾಡಿಗೆ ಯಾಕೆ ತೆಗೆದುಕೊಂಡ? ಹೊರಡುವ ಮೊದಲೇ ನಂಬರ್ ಪ್ಲೇಟಿಗೆ ಕೆಸರು ಬಳಿದದ್ದು ಯಾಕೆ? ಇಡೀ ವಾದ ನಿಂತದ್ದು ಒಂದೇ ಪ್ರಶ್ನೆಯ ಮೇಲೆ. ಅವನಿಗೆ ಗೊತ್ತಿತ್ತಾ?

ಈಚೆಗೆ ಕಾರವಾರದ ಕೋರ್ಟಿನಲ್ಲಿ ಜೂನಿಯರ್ ಒಬ್ಬಳು ಕೇಳಿದಳು: ‘ಸರ್, ಯುದ್ಧದ ಹೊತ್ತಲ್ಲಿ ಅರೆಸೇನಾ ತಂಡಗಳು ಊರಿಗೆ ನುಗ್ಗಿ ಜನರನ್ನು ಕೊಲ್ಲುತ್ತವೆ. ರಾಜಧಾನಿಯಲ್ಲಿ ಕೂತ ಅಧಿಕಾರಿಯನ್ನು ಹಿಡಿಯೋದು ಹೇಗೆ? ಕೊಲ್ಲಿ ಅಂತ ಯಾರೂ ಬರೆದು ಕೊಡಲ್ಲ ಅಲ್ವಾ?’ ಅಡಿಕೆ ಚೀಲವನ್ನು ಮನುಷ್ಯರ ಹೆಣದ ಪಕ್ಕ ಇಟ್ಟು ಮಾತಾಡಲು ನನಗೆ ಮನಸ್ಸು ಬರುವುದಿಲ್ಲ. ಆದರೂ ಕಾನೂನು ಕೇಳುವ ಪ್ರಶ್ನೆ ಅದೇ.

ಅವಳಿಗೆ ಒಂದು ಕೇಸಿನ ಕಥೆ ಹೇಳಿದೆ. ಯೊವಿಚಾ ಸ್ಟಾನಿಶಿಚ್ ಆಗ ಸರ್ಬಿಯಾದ ಗುಪ್ತಚರ ಸೇವೆಯ ಮುಖ್ಯಸ್ಥ. ಫ್ರಾಂಕೊ ಸಿಮಾಟೊವಿಚ್ ಅವನ ಕೈಕೆಳಗಿನ ಹಿರಿಯ ಅಧಿಕಾರಿ. ಯುಗೊಸ್ಲಾವಿಯಾ ಒಡೆದಾಗ ಇವರ ಇಲಾಖೆ ಒಂದು ವಿಶೇಷ ತಂಡ ಕಟ್ಟಿತು, ಶಿಬಿರಗಳಲ್ಲಿ ತರಬೇತಿ ಕೊಟ್ಟಿತು. ಹಾಗೆ ತಯಾರಾದವರು 1992ರ ಏಪ್ರಿಲ್‌ನಲ್ಲಿ ಬೋಸ್ನಿಯಾದ ಬೊಸಾನ್‌ಸ್ಕಿ ಶಮಾತ್ಸ್ ಎಂಬ ಊರನ್ನು ವಶಪಡಿಸಿಕೊಳ್ಳುವಾಗ ಜೊತೆಗಿದ್ದರು. ಆಮೇಲೆ ಅಲ್ಲಿನ ಸರ್ಬರಲ್ಲದ ಜನರನ್ನು ಕೂಡಿಹಾಕಿ ಹೊಡೆದರು, ಕೊಂದರು, ಊರು ಬಿಡಿಸಿದರು.

ಇಬ್ಬರೂ 2003ರಲ್ಲಿ ಬಂಧನಕ್ಕೊಳಗಾದರು. ಯುಗೊಸ್ಲಾವಿಯಾದ ಯುದ್ಧಾಪರಾಧಗಳಿಗೆಂದೇ ಹೇಗ್‌ನಲ್ಲಿ ರಚಿಸಿದ್ದ ಅಂತಾರಾಷ್ಟ್ರೀಯ ನ್ಯಾಯಮಂಡಳಿ 2013ರಲ್ಲಿ ಇಬ್ಬರನ್ನೂ ಬಿಡುಗಡೆ ಮಾಡಿತು! ನೆರವು ಕೊಟ್ಟದ್ದು ಹೌದು, ಆದರೆ ಆ ನೆರವು ಅಪರಾಧಕ್ಕೆಂದೇ ಗುರಿಯಿಟ್ಟು ಕೊಟ್ಟದ್ದು ಎಂದು ಸಾಬೀತಾಗಿಲ್ಲ ಎಂದಿತು ಬಹುಮತದ ತೀರ್ಪು. ಅದೇ ವರ್ಷ ಯುಗೊಸ್ಲಾವ್ ಸೇನೆಯ ಮುಖ್ಯಸ್ಥನಾಗಿದ್ದ ಪೆರಿಶಿಚ್ ಇದೇ ತರ್ಕದ ಮೇಲೆ ಮೇಲ್ಮನವಿಯಲ್ಲಿ ಬಿಡುಗಡೆಯಾಗಿದ್ದ.

ಈ ತರ್ಕವನ್ನು ನಾನು ಒಪ್ಪಲಾರೆ. ಯುದ್ಧದಲ್ಲಿ ಒಂದೇ ಲಾರಿಯಲ್ಲಿ ಅಕ್ಕಿಯೂ ಹೋಗುತ್ತದೆ, ಗುಂಡೂ ಹೋಗುತ್ತದೆ. ‘ನಾನು ಕಳಿಸಿದ್ದು ಯುದ್ಧಕ್ಕೆ, ಕೊಲೆಗಲ್ಲ’ ಎಂದು ಯಾರು ಬೇಕಾದರೂ ಹೇಳಬಹುದು. ನೆರವು ಪಡೆದವರು ಏನು ಮಾಡುತ್ತಿದ್ದಾರೆಂದು ಗೊತ್ತಿದ್ದೂ ಕೊಟ್ಟರೆ, ಆ ನೆರವಿನಿಂದ ಅಪರಾಧಕ್ಕೆ ನಿಜವಾದ ಬಲ ಸಿಕ್ಕಿದ್ದರೆ, ಅಷ್ಟು ಸಾಕಾಗಬೇಕು. ಆಮೇಲೆ ಮೇಲ್ಮನವಿ ಪೀಠವೂ ನಿಲುವು ಬದಲಿಸಿ ಹಾಗೇ ಹೇಳಿತು. 2014ರ ಬೇರೊಂದು ತೀರ್ಪಿನಲ್ಲಿ ಆ ‘ಗುರಿ’ಯ ಷರತ್ತನ್ನು ತಳ್ಳಿಹಾಕಿತು, 2015ರಲ್ಲಿ ಇವರಿಬ್ಬರ ಮರುವಿಚಾರಣೆಗೆ ಆದೇಶಿಸಿತು.

2021ರ ತೀರ್ಪು ಶಮಾತ್ಸ್‌ನ ಅಪರಾಧಗಳಿಗೆ ನೆರವಾದದ್ದಕ್ಕೆ ತಲಾ 12 ವರ್ಷ ಶಿಕ್ಷೆ ಕೊಟ್ಟಿತು. 2023ರ ಮೇ 31ರ ಮೇಲ್ಮನವಿ ತೀರ್ಪು ಇನ್ನೂ ಮುಂದೆ ಹೋಯಿತು. ಸರ್ಬರಲ್ಲದವರನ್ನು ಬಲವಂತವಾಗಿ ಓಡಿಸುವ ಜಂಟಿ ಯೋಜನೆಯಲ್ಲಿ ಇವರೂ ಪಾಲುದಾರರು ಎಂದು ಹೇಳಿ ಶಿಕ್ಷೆಯನ್ನು 15 ವರ್ಷಕ್ಕೆ ಏರಿಸಿತು. ನಮ್ಮ ಕಾನೂನಿನ ಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದು ಕುಮ್ಮಕ್ಕಿಗೆ ಹತ್ತಿರ, ಎರಡನೆಯದು ಸಮಾನ ಉದ್ದೇಶಕ್ಕೆ ಹತ್ತಿರ. ಈ ಎರಡನೆಯದರಲ್ಲಿ ಗೊತ್ತಿದ್ದರಷ್ಟೇ ಸಾಲದು, ಮನಸ್ಸೂ ಒಂದಾಗಿರಬೇಕು. ಮೇಲಧಿಕಾರಿಯ ಹೊಣೆ ಎಂಬ ಮೂರನೇ ದಾರಿಯೂ ಇದೆ. ಅದಕ್ಕೆ ಕೊಂದವರ ಮೇಲೆ ನಿಜವಾದ ಹಿಡಿತ ಇತ್ತೆಂದು ತೋರಿಸಬೇಕು. ಅರೆಸೇನಾ ತಂಡಗಳ ವಿಷಯದಲ್ಲಿ ಅದು ಬಹಳ ಕಷ್ಟ. ಆ ಹಿಡಿತ ಕಾಗದದ ಮೇಲೆ ಕಾಣಬಾರದೆಂದೇ ಸರ್ಕಾರಗಳು ಇಂಥ ತಂಡಗಳನ್ನು ಸಾಕುವುದು.

ಹಾಗಾದರೆ ಸಾಕ್ಷ್ಯ ಎಲ್ಲಿಂದ ಬರುತ್ತದೆ? ಹೆಚ್ಚಾಗಿ ಆರೋಪಿಗಳ ಕಡೆಯಿಂದಲೇ. ಈ ಕೇಸಿನಲ್ಲಿ ತಂಡದವರಿಗೆ ಭತ್ಯೆ ಕೊಟ್ಟ ಪಟ್ಟಿಗಳಿದ್ದವು. 1997ರಲ್ಲಿ ಕುಲಾ ಎಂಬಲ್ಲಿ ನಡೆದ ಸಮಾರಂಭದ ವಿಡಿಯೊ ಇತ್ತು. ಅದರಲ್ಲಿ ಸರ್ಬಿಯಾದ ಅಧ್ಯಕ್ಷ ಮಿಲೊಶೆವಿಚ್ ಎದುರು ಸಿಮಾಟೊವಿಚ್ ತನ್ನ ತಂಡದ ಚರಿತ್ರೆಯನ್ನು 1991ರಿಂದ ಹೆಮ್ಮೆಯಿಂದ ಹೇಳುತ್ತಾನೆ. ಕಾಗದ ಮುಚ್ಚಿಟ್ಟವರು ಬಾಯಿ ಮುಚ್ಚಿಡಲಿಲ್ಲ. ಅದಕ್ಕೇ ಜೂನಿಯರ್‌ಗಳಿಗೆ ಹೇಳುತ್ತೇನೆ, ಆದೇಶ ಹುಡುಕುತ್ತಾ ಕೂರಬೇಡಿ, ಸಂಬಳದ ಪಟ್ಟಿ ಹುಡುಕಿ, ಡೀಸೆಲ್ ಚೀಟಿ ಹುಡುಕಿ, ಸನ್ಮಾನದ ಫೋಟೊ ಹುಡುಕಿ.

‘ನಮ್ಮಲ್ಲಾದರೆ?’ ಎಂದು ಅವಳು ಮತ್ತೆ ಕೇಳಿದಳು. ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ ರೋಮ್ ಒಪ್ಪಂದಕ್ಕೆ ಭಾರತ ಸೇರಿಲ್ಲ. 1984ರ ದೆಹಲಿಯ ಸಿಖ್ ಹತ್ಯೆಗಳ ಪ್ರಕರಣವೊಂದರಲ್ಲಿ 2018ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟು ಒಂದು ಮಾತು ಹೇಳಿತ್ತು. ಮಾನವತೆಯ ವಿರುದ್ಧದ ಅಪರಾಧವಾಗಲಿ, ನರಮೇಧವಾಗಲಿ ನಮ್ಮ ಅಪರಾಧ ಕಾನೂನಿನಲ್ಲಿ ಇಲ್ಲ, ಈ ಲೋಪವನ್ನು ಬೇಗ ಸರಿಪಡಿಸಬೇಕು ಅಂತ. ಆಮೇಲೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಹಳೆಯ ದಂಡ ಸಂಹಿತೆಯಲ್ಲಿ ಕುಮ್ಮಕ್ಕಿನ ಸೆಕ್ಷನ್ ಆಗಿದ್ದ 107 ಈಗ 45 ಆಗಿದೆ. ಸಮಾನ ಉದ್ದೇಶದ 34 ಈಗ 3(5) ಆಗಿದೆ. ಹೊಸ ಸಂಹಿತೆಯ ಪುಸ್ತಕವನ್ನು ಅವಳ ಕೈಗೆ ಕೊಟ್ಟು ಹೈಕೋರ್ಟು ಹೆಸರಿಸಿದ ಆ ಎರಡು ಅಪರಾಧಗಳನ್ನು ಹುಡುಕಲು ಹೇಳಿದೆ. ಸುಮಾರು ಹೊತ್ತು ಪುಟ ತಿರುಗಿಸಿದಳು. ಸಿಗಲಿಲ್ಲ.