ಕೋಡಿ ಬಿದ್ದ ಕೆರೆ, ಶಿಖರ ಪತನವಾದ ಸರೋವರ

ಪಿಎಚ್‌.ಡಿ. ಮಹಾಪ್ರಬಂಧಗಳ ಭಾಷೆ ತಿದ್ದುವ ನನ್ನ ಕೆಲಸಕ್ಕೆ ಇತ್ತೀಚೆಗೆ ಹೊಸದೊಂದು ಬಗೆಯ ತಿದ್ದುಪಡಿ ಸೇರಿಕೊಂಡಿದೆ. ಸರಿಯಾಗಿದ್ದ ವಾಕ್ಯವನ್ನು ಬರೆದವರೇ ಬೇಕೆಂದು ಕೆಡಿಸಿರುತ್ತಾರೆ. ಅದನ್ನು ಬಿಡಿಸಿ ಓದುವಂತೆ ಮಾಡುವುದು ನನ್ನ ಪಾಲಿಗೆ ಬರುತ್ತದೆ.

ಕೆರೆಗಳ ಕುರಿತ ಒಂದು ಪ್ರಬಂಧದಲ್ಲಿ ‘ಸರೋವರದ ಶಿಖರ ಪತನವಾದ ಸಂವತ್ಸರ ಗ್ರಾಮದಲ್ಲಿ ಉತ್ಸವ ಜರುಗುತ್ತಿತ್ತು’ ಎಂಬ ಸಾಲನ್ನು ಎರಡು ಸಲ ಓದಿದರೂ ಅರ್ಥವಾಗಲಿಲ್ಲ. ಆಕರ ಗ್ರಂಥ ತೆರೆದು ನೋಡಿದರೆ ಅಲ್ಲಿದ್ದದ್ದು ‘ಕೆರೆ ಕೋಡಿ ಬಿದ್ದ ವರ್ಷ ಊರಿನಲ್ಲಿ ಹಬ್ಬ ನಡೆಯುತ್ತಿತ್ತು’. ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಬೀಳುವ ಕೋಡಿಯನ್ನು ಬೆಟ್ಟದ ಕೋಡೆಂದು ಬಗೆದು ಶಿಖರ ಮಾಡಲಾಗಿತ್ತು. ಹಳ್ಳಿಯಲ್ಲೇ ಬೆಳೆದ ಆ ಸಂಶೋಧಕರಿಗೆ ಕೋಡಿ ಗೊತ್ತಿಲ್ಲವೆಂದಲ್ಲ, ಪದಗಳನ್ನು ಬದಲಿಸಲು ಅವರು ಬಳಸಿದ ತಂತ್ರಾಂಶಕ್ಕೆ ಗೊತ್ತಿರಲಿಲ್ಲ.

ಇಂಥ ಸಾಹಸದ ಹಿಂದಿರುವುದು ಶೇಕಡಾವಾರು ಹೋಲಿಕೆಯ, ಅಂದರೆ ಪ್ರಬಂಧದ ಎಷ್ಟು ಪಾಲು ಬೇರೆಯವರ ಬರಹದಂತಿದೆ ಎಂಬ ಲೆಕ್ಕದ, ಭಯ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಗಳ ಪ್ರಕಾರ ಹೋಲಿಕೆ ಶೇ 10ರೊಳಗಿದ್ದರೆ ದಂಡವಿಲ್ಲ. ಶೇ 40ರವರೆಗೆ ಇದ್ದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿ ಮರಳಿ ಸಲ್ಲಿಸಬೇಕು. ಶೇ 60 ದಾಟಿದರೆ ನೋಂದಣಿಯೇ ರದ್ದು. ಆದರೆ ಇನ್ನೊಬ್ಬರ ಬರಹದಂತೆಯೇ ಇನ್ನೊಬ್ಬರ ವಿಚಾರವನ್ನು ತನ್ನದೆಂದು ತೋರಿಸುವುದನ್ನೂ ಅದೇ ನಿಯಮಗಳು ಕೃತಿಚೌರ್ಯವೆಂದೇ ಕರೆಯುತ್ತವೆ. ಕೆರೆ ಸರೋವರವಾದ ಮಾತ್ರಕ್ಕೆ ವಿಚಾರದ ಒಡೆತನ ಬದಲಾಗುವುದಿಲ್ಲ.

ಇನ್ನು ವ್ಯಾಕರಣದ ಪಾಡು. ಕನ್ನಡದಲ್ಲಿ ಒಂದು ಪದವನ್ನು ಎಬ್ಬಿಸಿದರೆ ಪಕ್ಕದಲ್ಲಿ ಕೂತ ಪದಗಳೂ ಏಳಬೇಕಾಗುತ್ತದೆ. ‘ಅವನನ್ನು ಪ್ರೀತಿಸಿದಳು’ ಎಂಬಲ್ಲಿ ‘ಒಲಿ’ ಧಾತುವನ್ನು ತಂದರೆ ವಿಭಕ್ತಿ ಬದಲಾಗಿ ‘ಅವನಿಗೆ ಒಲಿದಳು’ ಎಂದಾಗಬೇಕು. ‘ಮಗು ಅಳುತ್ತಿತ್ತು’ ಸರಿ, ‘ಬಾಲಕ ಅಳುತ್ತಿತ್ತು’ ತಪ್ಪು. ಸಮಾಸದಲ್ಲಂತೂ ಇನ್ನೂ ಕಷ್ಟ: ಅದೇ ಪ್ರಬಂಧದಲ್ಲಿ ‘ಮಳೆನೀರು ಕೊಯ್ಲು’ ಹೋಗಿ ‘ಮಳೆಜಲ ಕಟಾವು’ ಬಂದಿತ್ತು. ಕನ್ನಡದ ಮಳೆಗೆ ಸಂಸ್ಕೃತದ ಜಲವನ್ನು ಹೀಗೆ ಬೆಸೆಯುವುದು ಅರಿಸಮಾಸ. 13ನೆಯ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅದನ್ನು ದೋಷವೆಂದಿದ್ದಾನೆ. ರೂಢಿಯಲ್ಲಿ ನೆಲೆನಿಂತ ಅರಿಸಮಾಸಗಳ ಬಗ್ಗೆ ನನಗೆ ತಕರಾರಿಲ್ಲ, ಆದರೆ ಯಾರ ಬಾಯಲ್ಲೂ ಇಲ್ಲದ್ದನ್ನು ಹೋಲಿಕೆ ತಗ್ಗಿಸಲೆಂದು ಹುಟ್ಟಿಸುವುದು ಬೇರೆ ಮಾತು. ಕಟಾವಂತೂ ಕಬ್ಬಿನ ಗದ್ದೆಯದು.

ಹಬ್ಬ ಮತ್ತು ಉತ್ಸವಗಳೂ ಒಂದೇ ತೂಕದವಲ್ಲ. ಉತ್ಸವವೆಂದೊಡನೆ ದೇವರು ಗುಡಿಯಿಂದ ಹೊರಟು ಬೀದಿಗೆ ಬಂದಂತಾಗುತ್ತದೆ. ಹಬ್ಬ ಅಡುಗೆಮನೆಯಲ್ಲೂ ಆಗುತ್ತದೆ.

ಆ ಸಂಶೋಧಕರಿಗೆ ನಾನು ಪುಸ್ತಕ, ಕಂಪ್ಯೂಟರ್ ಎರಡನ್ನೂ ಮುಚ್ಚಿ, ಕೆರೆ ತುಂಬಿದಾಗ ಏನಾಗುತ್ತಿತ್ತೆಂದು ಬಾಯಲ್ಲಿ ಹೇಳಲು ಕೇಳಿಕೊಂಡೆ. ‘ಕೋಡಿ ಹರಿದ ವರ್ಷ ನಮ್ಮೂರಲ್ಲಿ ಗಂಗೆಪೂಜೆ ಮಾಡಿ ಬಾಗಿನ ಬಿಡೋರು, ನಮ್ಮಜ್ಜಿ ಹೇಳ್ತಿದ್ರು’ ಎಂದರು. ಆಕರದಲ್ಲಿ ಬಾಗಿನದ ಸುದ್ದಿಯೇ ಇರಲಿಲ್ಲ. ಅದನ್ನು ಕ್ಷೇತ್ರಕಾರ್ಯದ ಮಾಹಿತಿಯಾಗಿ ಬರೆಸಿ, ಆಕರದ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಅಡಿಟಿಪ್ಪಣಿ ಕೊಡಿಸಿದೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಪದಗಳು ಒಂದೇ ಪುಟದಲ್ಲಿ ಹತ್ತು ಸಲ ಬಂದರೂ ಹಾಗೆಯೇ ಬಿಟ್ಟೆ.